ಮುಕ್ತ ಪ್ರವೇಶದ ಸಮಾಜಶಾಸ್ತ್ರ ಪತ್ರಿಕೆಗೆ ಲೇಖನ ಕಳುಹಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವರು, ಪದವಿ ಕಾಲೇಜುಗಳ ಅಧ್ಯಾಪಕರು ಮತ್ತು ಎಂ.ಎ. ಮುಗಿಸಿ ಸಂಶೋಧನೆಯತ್ತ ಹೊರಟಿರುವ ಓದುಗರು ಕೆಲವು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮುಕ್ತ ಪ್ರವೇಶದ ಪತ್ರಿಕೆ ಎಂದರೆ ಹಣ ಕೊಟ್ಟವರ ಲೇಖನವನ್ನೆಲ್ಲ ಪ್ರಕಟಿಸುವ ಪತ್ರಿಕೆಯೇ? ಅಸಲಿ ಪತ್ರಿಕೆ ಯಾವುದು, ನಕಲಿ ಯಾವುದು ಎಂದು ಗುರುತಿಸುವುದು ಹೇಗೆ? ಫೆಲೋಶಿಪ್ಪೂ ಇಲ್ಲದ, ಯೋಜನಾ ಹಣವೂ ಇಲ್ಲದ ಸಂಶೋಧಕರು ಇಂಥ ಕಡೆ ಪ್ರಕಟಿಸಲು ಸಾಧ್ಯವೇ? ಈ ಎಲ್ಲ ಪ್ರಶ್ನೆಗಳ ಹಿಂದೆ ಒಂದೇ ಗೊಂದಲವಿದೆ. ಓದುಗರಿಗೆ ಲೇಖನ ಉಚಿತವಾಗಿ ಸಿಗುವುದು ಒಂದು ಸಂಗತಿ. ಲೇಖಕರಿಂದ ಹಣ ಪಡೆಯುವುದು ಬೇರೊಂದು ಸಂಗತಿ. ಇವೆರಡನ್ನೂ ಒಂದೇ ಎಂದು ತಿಳಿದವರು ಒಳ್ಳೆಯ ಪತ್ರಿಕೆಗಳಿಂದ ದೂರ ಉಳಿಯುತ್ತಾರೆ, ಇಲ್ಲವೇ ಕೆಟ್ಟ ಪತ್ರಿಕೆಗಳಿಗೆ ಕೈಯಿಂದ ಹಣ ತೆರುತ್ತಾರೆ.

ಮೊದಲು ಕೆಲವು ಪದಗಳ ಅರ್ಥ ತಿಳಿದುಕೊಳ್ಳಿ

2002ರ ಬುಡಾಪೆಸ್ಟ್ ಘೋಷಣೆ ಮುಕ್ತ ಪ್ರವೇಶಕ್ಕೆ ಒಂದು ಸ್ಪಷ್ಟ ರೂಪ ಕೊಟ್ಟಿತು. ಅದರ ಪ್ರಕಾರ ಸಂಶೋಧನಾ ಲೇಖನವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಚಂದಾ ಇಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು, ಹಂಚಬಹುದು. ಲೇಖಕರ ಹೆಸರನ್ನು ಹೇಳುವುದು ಮತ್ತು ಕೃತಿಯ ಸಮಗ್ರತೆಯನ್ನು ಕಾಪಾಡುವುದು ಬಳಸುವವರ ಹೊಣೆ. ಈ ಗುರಿಗೆ ಹಲವು ದಾರಿಗಳಿವೆ, ಅವುಗಳನ್ನು ಬಣ್ಣ ಮತ್ತು ರತ್ನಗಳ ಹೆಸರಿನಿಂದ ಕರೆಯುವುದು ರೂಢಿಯಾಗಿದೆ.

ಗೋಲ್ಡ್ ಎಂದರೆ ಪ್ರಕಟವಾದ ದಿನದಿಂದಲೇ ಪತ್ರಿಕೆಯ ಎಲ್ಲ ಲೇಖನಗಳೂ ಮುಕ್ತವಾಗಿರುವ ವ್ಯವಸ್ಥೆ; ಇಲ್ಲಿ ಹಲವು ಪತ್ರಿಕೆಗಳು ಲೇಖಕರಿಂದ ಪ್ರಕಟಣಾ ಶುಲ್ಕ ಪಡೆಯುತ್ತವೆ, ಇದನ್ನೇ ಎಪಿಸಿ ಎನ್ನುತ್ತಾರೆ. ಅಮೆರಿಕದ ಸಮಾಜಶಾಸ್ತ್ರ ಸಂಘವು ಆರಂಭಿಸಿದ ಸೋಶಿಯಸ್ ಈ ಬಗೆಯದು. ಡೈಮಂಡ್ ಎಂದರೆ ಓದುಗರಿಗೂ ಲೇಖಕರಿಗೂ ಶುಲ್ಕವಿಲ್ಲದ ವ್ಯವಸ್ಥೆ. ಖರ್ಚನ್ನು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಅಥವಾ ವಿದ್ವತ್ ಸಂಘ ಹೊರುತ್ತದೆ. ಗ್ರೀನ್ ಎಂದರೆ ಚಂದಾ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಅಂಗೀಕೃತ ಕರಡನ್ನು ಲೇಖಕರೇ ಒಂದು ಮುಕ್ತ ಸಂಗ್ರಹಾಲಯದಲ್ಲಿ ಇಡುವುದು. ಹೈಬ್ರಿಡ್ ಎಂದರೆ ಪತ್ರಿಕೆ ಚಂದಾದಾರರಿಗೆ ಮಾತ್ರ ಎಂದಿದ್ದರೂ ಹಣ ಕೊಟ್ಟ ಲೇಖಕರ ಲೇಖನವನ್ನು ಮಾತ್ರ ಮುಕ್ತಗೊಳಿಸುವುದು. ಸ್ವಂತ ಹಣದಿಂದ ಹೈಬ್ರಿಡ್ ಶುಲ್ಕ ಕಟ್ಟಬೇಡಿ ಎಂಬುದು ನನ್ನ ಖಚಿತ ಸಲಹೆ; ಅದೇ ಪತ್ರಿಕೆಯಲ್ಲಿ ಶುಲ್ಕವಿಲ್ಲದೆ ಪ್ರಕಟಿಸಿ, ಗ್ರೀನ್ ದಾರಿಯಲ್ಲಿ ಕರಡನ್ನು ಮುಕ್ತವಾಗಿ ಇಡುವ ಅವಕಾಶ ಬಹಳಷ್ಟು ಕಡೆ ಇರುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ನಿವಾರಿಸಬೇಕು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ನೀಡಿದ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಮುಕ್ತ ಪ್ರವೇಶವಲ್ಲ. ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಚಂದಾ ಪತ್ರಿಕೆಗಳನ್ನು ಒದಗಿಸುವ ಯೋಜನೆ. ಆ ಸಂಸ್ಥೆಗಳ ಹೊರಗಿರುವ ಓದುಗರಿಗೆ, ನಿಮ್ಮ ಸಂಶೋಧನೆಗೆ ಮಾಹಿತಿ ಕೊಟ್ಟ ಊರಿನವರಿಗೆ, ಅದರಿಂದ ಬಾಗಿಲು ತೆರೆಯುವುದಿಲ್ಲ.

ಹಂತ 1: ಅಧ್ಯಾಯವನ್ನು ಲೇಖನವಾಗಿಸಿ

ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ಕತ್ತರಿಸಿ ಹಾಗೆಯೇ ಕಳುಹಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಅಧ್ಯಾಯವು ಇಡೀ ಪ್ರಬಂಧದ ಆಸರೆಯಲ್ಲಿ ನಿಂತಿರುತ್ತದೆ. ಲೇಖನಕ್ಕೆ ಆ ಆಸರೆ ಇರುವುದಿಲ್ಲ. ಒಂದು ಪ್ರಶ್ನೆ, ಒಂದು ವಾದ, ಆ ವಾದಕ್ಕೆ ಬೇಕಾದಷ್ಟೇ ಕ್ಷೇತ್ರಕಾರ್ಯದ ಸಾಮಗ್ರಿ, ಇಷ್ಟಿದ್ದರೆ ಸಾಕು. ಗುಳೆ ಹೋಗುವ ಕುಟುಂಬಗಳ ಬಗ್ಗೆ ನೀವು ಸಮೀಕ್ಷೆ, ಸಂದರ್ಶನ, ಪಂಚಾಯಿತಿ ದಾಖಲೆಗಳ ಅಧ್ಯಯನ ಮೂರನ್ನೂ ಮಾಡಿದ್ದರೂ, ಹೆಂಗಸರು ಮುಂಗಡ ಹಣದ ಬಗ್ಗೆ ನಡೆಸುವ ಮಾತುಕತೆ ಎಂಬ ಒಂದೇ ಎಳೆಯನ್ನು ಹಿಡಿದು ಬರೆದ ಲೇಖನ ಪರಿಶೀಲಕರ, ಅಂದರೆ ಪ್ರಕಟಣೆಗೆ ಮುನ್ನ ಅದನ್ನು ಓದಿ ಅಭಿಪ್ರಾಯ ಹೇಳುವ ವಿದ್ವಾಂಸರ, ಮನಸ್ಸಿಗೆ ಬೇಗ ತಾಗುತ್ತದೆ. ಉದ್ದದ ಮಿತಿ ಪತ್ರಿಕೆಯಿಂದ ಪತ್ರಿಕೆಗೆ ಬದಲಾಗುವುದರಿಂದ, ಆಯ್ದ ಪತ್ರಿಕೆಯ ಲೇಖಕರ ಸೂಚನೆಗಳನ್ನು ಓದಿದ ಮೇಲಷ್ಟೇ ಕತ್ತರಿ ಹಾಕಿ.

ಸಮಾಜಶಾಸ್ತ್ರಕ್ಕೆ ವಿಶೇಷವಾದ ಎಚ್ಚರಿಕೆಯೊಂದು ಇದೇ ಹಂತಕ್ಕೆ ಸೇರಿದೆ. ಮುಕ್ತವಾಗಿ ಪ್ರಕಟವಾದ ಲೇಖನವನ್ನು ವಿದ್ವಾಂಸರಷ್ಟೇ ಓದುವುದಿಲ್ಲ. ನೀವು ಸಂದರ್ಶಿಸಿದವರ ಮಕ್ಕಳು, ಅವರ ಊರಿನ ಮುಖಂಡರು, ಅವರ ಮಾಲೀಕರು ಸಹ ಅದನ್ನು ಮೊಬೈಲಿನಲ್ಲಿ ತೆರೆದು ಓದಬಲ್ಲರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಮೈಸೂರು ಸಮೀಪದ ಹಳ್ಳಿಗೆ ರಾಂಪುರ ಎಂಬ ಹೆಸರಿಟ್ಟು ಬರೆದರು. ಅದು ಕೊಡಗಹಳ್ಳಿ ಎಂಬುದು ಕಾಲಕ್ರಮದಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾಯಿತು. ಹುಡುಕುಯಂತ್ರಗಳ ಈ ಕಾಲದಲ್ಲಿ ಊರಿನ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ತಾಲ್ಲೂಕು, ದೇವರ ಹೆಸರು, ಜಾತ್ರೆಯ ತಿಂಗಳು, ಜಾತಿವಾರು ಮನೆಗಳ ಸಂಖ್ಯೆ ಇವನ್ನೆಲ್ಲ ಒಟ್ಟಿಗೆ ಕೊಟ್ಟರೆ ಓದುಗರು ಊರನ್ನು ಸುಲಭವಾಗಿ ಕಂಡುಹಿಡಿಯುತ್ತಾರೆ. ದೌರ್ಜನ್ಯ, ಬಹಿಷ್ಕಾರ, ಅಂತರ್ಜಾತಿ ವಿವಾಹ, ಸಾಲ ಇಂಥ ವಿಷಯಗಳಲ್ಲಿ ವಾದಕ್ಕೆ ಅಗತ್ಯವಿಲ್ಲದ ಪ್ರತಿಯೊಂದು ವಿವರವನ್ನೂ ಕೈಬಿಡಿ, ಮುಖ ಕಾಣುವ ಚಿತ್ರಗಳನ್ನು ಬಳಸಬೇಡಿ. ಸಂದರ್ಶನಕ್ಕೆ ಒಪ್ಪಿಗೆ ಪಡೆಯುವಾಗಲೇ, ಇದು ಎಲ್ಲರೂ ಓದುವಂತೆ ಪ್ರಕಟವಾಗಬಹುದು ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿರಬೇಕು.

ಹಂತ 2: ಪತ್ರಿಕೆಗಳನ್ನು ಹುಡುಕಿ

ಹುಡುಕಾಟವನ್ನು ಗೂಗಲ್‌ನಿಂದಾಗಲೀ, ಇಮೇಲ್‌ಗೆ ಬಂದ ಆಹ್ವಾನದಿಂದಾಗಲೀ ಆರಂಭಿಸಬೇಡಿ. ಡಿಒಎಜೆ ಎಂಬ ಮುಕ್ತ ಪ್ರವೇಶ ಪತ್ರಿಕೆಗಳ ಕೋಶದಿಂದ ಆರಂಭಿಸಿ. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಸುಮಾರು 300 ಪತ್ರಿಕೆಗಳೊಂದಿಗೆ ಶುರುವಾದ ಈ ಕೋಶದಲ್ಲಿ ಈಗ 20,000ಕ್ಕೂ ಹೆಚ್ಚು ಪತ್ರಿಕೆಗಳಿವೆ, ಬಳಕೆ ಸಂಪೂರ್ಣ ಉಚಿತ. ವಿಷಯಗಳ ಪಟ್ಟಿಯಲ್ಲಿ ಸಮಾಜವಿಜ್ಞಾನ, ಅದರೊಳಗೆ ಸಮಾಜಶಾಸ್ತ್ರವನ್ನು ಆಯ್ದು, ಶುಲ್ಕವಿಲ್ಲದ ಪತ್ರಿಕೆಗಳು ಎಂಬ ಸೋಸುವಿಕೆಯನ್ನು ಒತ್ತಿ. ಪ್ರತಿ ಪತ್ರಿಕೆಯ ಪುಟದಲ್ಲಿ ಶುಲ್ಕ, ಪರವಾನಗಿ, ಪರಿಶೀಲನೆಯ ಬಗೆ, ಸಲ್ಲಿಕೆಯಿಂದ ಪ್ರಕಟಣೆಗೆ ಸರಾಸರಿ ಎಷ್ಟು ವಾರ ಹಿಡಿಯುತ್ತದೆ ಎಂಬ ವಿವರಗಳಿರುತ್ತವೆ.

ದಕ್ಷಿಣ ಏಷ್ಯಾದ ಸಮಾಜಗಳ ಬಗ್ಗೆ ಬರೆಯುವವರು 2007ರಿಂದ ಓಪನ್‌ಎಡಿಷನ್ ವೇದಿಕೆಯಲ್ಲಿ ಹೊರಬರುತ್ತಿರುವ ಸೌತ್ ಏಷ್ಯಾ ಮಲ್ಟಿಡಿಸಿಪ್ಲಿನರಿ ಅಕಾಡೆಮಿಕ್ ಜರ್ನಲ್ ಅನ್ನು ಅವಶ್ಯ ನೋಡಬೇಕು. ಅಲ್ಲಿ ಲೇಖಕರಿಗೆ ಶುಲ್ಕವಿಲ್ಲ, ವಿಷಯಾಧಾರಿತ ಸಂಚಿಕೆಗಳು ಹೆಚ್ಚು. ಗುಣಾತ್ಮಕ ವಿಧಾನಗಳಲ್ಲಿ ಕೆಲಸ ಮಾಡಿದವರಿಗೆ ಬರ್ಲಿನ್‌ನಿಂದ 2000ರಿಂದ ಬರುತ್ತಿರುವ ಫೋರಂ: ಕ್ವಾಲಿಟೇಟಿವ್ ಸೋಶಿಯಲ್ ರಿಸರ್ಚ್ ಇದೆ. ವಲಸೆ, ವಿವಾಹ, ಕುಟುಂಬದ ಅಂಕಿಅಂಶಗಳನ್ನು ವಿಶ್ಲೇಷಿಸುವವರಿಗೆ ಜರ್ಮನಿಯ ರೋಸ್ಟಾಕ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ 1999ರಲ್ಲಿ ಆರಂಭಿಸಿದ ಡೆಮೊಗ್ರಾಫಿಕ್ ರಿಸರ್ಚ್ ಸೂಕ್ತ. ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ಲೇಖನ ಕಳುಹಿಸಬೇಡಿ. ಪತ್ರಿಕೆಯ ಇತ್ತೀಚಿನ ಎರಡು ಮೂರು ಸಂಚಿಕೆಗಳನ್ನು ತೆರೆದು, ಕನಿಷ್ಠ ಒಂದು ಲೇಖನವನ್ನು ಪೂರ್ತಿ ಓದಿ. ನಿಮ್ಮ ಲೇಖನ ಅವುಗಳ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲುದೇ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಹಂತ 3: ಅಸಲಿತನವನ್ನು ಪರೀಕ್ಷಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಇಲ್ಲಿ ಆದ ತಪ್ಪನ್ನು ಮುಂದೆ ಸರಿಪಡಿಸುವುದು ಬಹಳ ಕಷ್ಟ. ನಕಲಿ ಪತ್ರಿಕೆಯಲ್ಲಿ ಒಮ್ಮೆ ಪ್ರಕಟವಾದ ಲೇಖನವನ್ನು ಒಳ್ಳೆಯ ಪತ್ರಿಕೆ ಮತ್ತೆ ಸ್ವೀಕರಿಸುವುದಿಲ್ಲ. ವರ್ಷಗಟ್ಟಲೆಯ ಕ್ಷೇತ್ರಕಾರ್ಯ ಅಲ್ಲಿಗೆ ವ್ಯರ್ಥವಾಗುತ್ತದೆ.

ನಮ್ಮಲ್ಲಿ ಈಗಲೂ ಮೊದಲು ಕೇಳಿಬರುವ ಮಾತು, ಪತ್ರಿಕೆ ಯುಜಿಸಿ ಕೇರ್ ಪಟ್ಟಿಯಲ್ಲಿದೆಯೇ ಎಂಬುದು. ಒಪ್ಪತಕ್ಕ ಪತ್ರಿಕೆಗಳನ್ನು ಹೆಸರಿಸಿ 2019ರಲ್ಲಿ ಜಾರಿಗೆ ಬಂದ ಆ ಪಟ್ಟಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) ಕೈಬಿಟ್ಟಿರುವುದನ್ನು 2025ರ ಫೆಬ್ರವರಿಯಲ್ಲಿ ಪ್ರಕಟಿಸಿ, ಪತ್ರಿಕೆಗಳನ್ನು ಅಳೆಯಲು ಸಲಹಾರೂಪದ ಮಾನದಂಡಗಳನ್ನು ಮುಂದಿಟ್ಟಿತು. ಆದ್ದರಿಂದ ಇಂದು ಯಾವುದೇ ಪತ್ರಿಕೆ ತನ್ನನ್ನು ಕೇರ್ ಅನುಮೋದಿತ ಎಂದು ಜಾಹೀರಾತು ಮಾಡಿಕೊಂಡರೆ ಅದನ್ನೇ ಎಚ್ಚರಿಕೆಯ ಗಂಟೆಯೆಂದು ಭಾವಿಸಿ. ಹಾಗೆಯೇ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಆಯೋಗವು ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ತೆಗೆದುಹಾಕಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಆ ಷರತ್ತನ್ನು ಉಳಿಸಿಕೊಂಡಿದೆಯೇ ಎಂಬುದನ್ನು ಸಂಶೋಧನಾ ವಿಭಾಗದಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಗಡುವಿನ ಆತಂಕದಲ್ಲಿ ಇರುವವರೇ ನಕಲಿ ಪತ್ರಿಕೆಗಳ ಬಲೆಗೆ ಬೀಳುವುದು. ಇಲ್ಲದ ಗಡುವಿಗೆ ಹೆದರಿ ಬೀಳುವುದಂತೂ ಆಗಬಾರದು.

ಎರಡನೆಯ ಮೋಸ ಐಎಸ್‌ಎಸ್‌ಎನ್ ಹೆಸರಿನಲ್ಲಿ ನಡೆಯುತ್ತದೆ. ಎಂಟು ಅಂಕಿಗಳ ಈ ಸಂಖ್ಯೆ ನಿಯತಕಾಲಿಕೆಯೊಂದನ್ನು ಗುರುತಿಸುವುದಕ್ಕೆ ಮಾತ್ರ ಇರುವಂಥದ್ದು. ಅರ್ಜಿ ಹಾಕಿದ ಯಾವ ನಿಯತಕಾಲಿಕೆಗೂ ಅದು ಸಿಗುತ್ತದೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರನೆಯದು ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪತ್ರಿಕೆಯ ಲೇಖನಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ವಿದ್ವತ್ ವಲಯ ಆ ಹೆಸರಿನಿಂದ ಕರೆಯುವುದು ಕ್ಲಾರಿವೇಟ್ ಸಂಸ್ಥೆ ವರ್ಷಕ್ಕೊಮ್ಮೆ ಹೊರತರುವ ಲೆಕ್ಕವನ್ನು. ಗ್ಲೋಬಲ್, ಇಂಟರ್‌ನ್ಯಾಷನಲ್, ಯೂನಿವರ್ಸಲ್ ಮುಂತಾದ ವಿಶೇಷಣಗಳನ್ನು ಸೇರಿಸಿಕೊಂಡು ಮುಖಪುಟದಲ್ಲಿ ದೊಡ್ಡದಾಗಿ ಮೆರೆಯುವ ಅಂಕಿಗಳನ್ನು ನಂಬಬೇಡಿ.

ಅತ್ಯಂತ ಅಪಾಯಕಾರಿಯಾದದ್ದು ತದ್ರೂಪಿ ಜಾಲತಾಣ. ನಿಜವಾದ ಪತ್ರಿಕೆಯೊಂದರ ಹೆಸರು, ಐಎಸ್‌ಎಸ್‌ಎನ್, ಸಂಪಾದಕರ ಪಟ್ಟಿ ಎಲ್ಲವನ್ನೂ ನಕಲು ಮಾಡಿ ಬೇರೊಂದು ವಿಳಾಸದಲ್ಲಿ ಹಣ ವಸೂಲಿ ಮಾಡುವ ತಾಣಗಳಿವೆ. ಇದರಿಂದ ತಪ್ಪಿಸಿಕೊಳ್ಳಲು ಐಎಸ್‌ಎಸ್‌ಎನ್ ಅಧಿಕೃತ ಪೋರ್ಟಲ್‌ನಲ್ಲಿ ಸಂಖ್ಯೆಯನ್ನು ಹಾಕಿ, ಅಲ್ಲಿ ನಮೂದಾಗಿರುವ ಪ್ರಕಾಶಕರನ್ನೂ ವಿಳಾಸವನ್ನೂ ನಿಮ್ಮ ಮುಂದಿರುವ ತಾಣದೊಂದಿಗೆ ಹೋಲಿಸಿ. ಹಳೆಯ ಸಂಚಿಕೆಯ ಯಾವುದಾದರೂ ಲೇಖನದ ಡಿಒಐ, ಅಂದರೆ ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆಯನ್ನು ಒತ್ತಿ, ಅದು ಅದೇ ತಾಣಕ್ಕೆ ಕರೆದೊಯ್ಯುತ್ತದೆಯೇ ನೋಡಿ. ಸಂಪಾದಕ ಮಂಡಳಿಯ ಒಬ್ಬಿಬ್ಬರ ವಿಶ್ವವಿದ್ಯಾಲಯದ ಪುಟಗಳನ್ನು ತೆರೆದು, ಅವರೇ ಆ ಜವಾಬ್ದಾರಿಯನ್ನು ಹೇಳಿಕೊಂಡಿದ್ದಾರೆಯೇ ಪರಿಶೀಲಿಸಿ. ಮೂರು ದಿನಗಳಲ್ಲಿ ಸ್ವೀಕೃತಿ ಎಂಬ ಭರವಸೆ, ಲೇಖನವನ್ನು ವಾಟ್ಸ್ಆಪ್‌ನಲ್ಲಿ ಕಳುಹಿಸಿ ಎಂಬ ಸೂಚನೆ, ಸಮಾಜಶಾಸ್ತ್ರದಿಂದ ಯಂತ್ರಶಾಸ್ತ್ರದವರೆಗೆ ಎಲ್ಲವೂ ಒಂದೇ ಸಂಚಿಕೆಯಲ್ಲಿ ಇರುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಹಿಂದೆ ಸರಿಯಿರಿ. ಡಿಒಎಜೆ ಪಟ್ಟಿಯನ್ನು ಸಹ ಪ್ರತಿ ಬಾರಿ ಹೊಸದಾಗಿ ನೋಡಬೇಕು. 2016ರಲ್ಲಿ ಹೊಸ ಮಾನದಂಡಗಳಡಿ ಮರು ಅರ್ಜಿ ಸಲ್ಲಿಸದ ಸುಮಾರು 3,300 ಪತ್ರಿಕೆಗಳನ್ನು ಅದು ಒಂದೇ ಬಾರಿಗೆ ತೆಗೆದುಹಾಕಿತ್ತು. ಒಮ್ಮೆ ಇದ್ದದ್ದು ಇಂದೂ ಇರುತ್ತದೆ ಎಂಬ ಖಾತರಿಯಿಲ್ಲ.

ಹಂತ 4: ಶುಲ್ಕದ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ

ಶುಲ್ಕ ಪಡೆಯುವುದೇ ಮೋಸದ ಲಕ್ಷಣವಲ್ಲ. ಶುಲ್ಕವನ್ನು ಮೊದಲೇ ಬಹಿರಂಗಪಡಿಸದೆ, ಸ್ವೀಕೃತಿಯ ನಂತರ ದಿಢೀರನೆ ಕೇಳುವುದು ಮೋಸದ ಲಕ್ಷಣ. ಪ್ರಕಟಣಾ ಶುಲ್ಕ ಸಾಮಾನ್ಯವಾಗಿ ಲೇಖನ ಸ್ವೀಕೃತವಾದ ಮೇಲೆ ಬರುತ್ತದೆ; ಸಲ್ಲಿಕೆಯ ಹಂತದಲ್ಲೇ ಸಣ್ಣ ಶುಲ್ಕ ಪಡೆಯುವ ಪ್ರಾಮಾಣಿಕ ಪತ್ರಿಕೆಗಳೂ ಇವೆ. 2014ರಲ್ಲಿ ಆರಂಭವಾದ ಸೋಶಿಯಲಾಜಿಕಲ್ ಸೈನ್ಸ್ ಅಂಥದ್ದು, ಅದು ಲೇಖಕರ ಹುದ್ದೆಗೆ ತಕ್ಕಂತೆ ಶುಲ್ಕವನ್ನು ನಿಗದಿಪಡಿಸಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ.

ಶುಲ್ಕ ಮನ್ನಾ ಬಗ್ಗೆ ಒಂದು ಮಾತು. ದೊಡ್ಡ ಪ್ರಕಾಶಕರು ಕಡಿಮೆ ಆದಾಯದ ದೇಶಗಳ ಲೇಖಕರಿಗೆ ತಾನಾಗಿಯೇ ಮನ್ನಾ ನೀಡುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಭಾರತ ಇರುವುದಿಲ್ಲ. ಆದ್ದರಿಂದ ನೀವು ಪ್ರತ್ಯೇಕವಾಗಿ ಕೇಳಬೇಕು, ಅದೂ ಲೇಖನ ಸಲ್ಲಿಸುವ ಮೊದಲು ಅಥವಾ ಸಲ್ಲಿಸುವಾಗಲೇ. ನನಗೆ ಸಂಸ್ಥೆಯಿಂದಾಗಲೀ ಯೋಜನೆಯಿಂದಾಗಲೀ ಪ್ರಕಟಣೆಗೆ ಹಣ ದೊರೆಯುವುದಿಲ್ಲ ಎಂದು ನೇರವಾಗಿ ಬರೆದರೆ ಸಾಕು, ಸಂಕೋಚ ಬೇಡ. ಸ್ವೀಕೃತಿಯ ನಂತರ ಸಲ್ಲಿಸುವ ಮನ್ನಾ ಕೋರಿಕೆಗಳನ್ನು ಹಲವು ಪ್ರಕಾಶಕರು ಪರಿಗಣಿಸುವುದೇ ಇಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ಸ್ಥಿತಿ ಬಂದರೆ ಆ ಪತ್ರಿಕೆಯನ್ನು ಬಿಟ್ಟು ಡೈಮಂಡ್ ಪತ್ರಿಕೆಯತ್ತ ಹೋಗಿ.

ಹಂತ 5: ಹಸ್ತಪ್ರತಿಯನ್ನು ಸಜ್ಜುಗೊಳಿಸಿ

ಮೊದಲ ಕೆಲಸ ನಿಮ್ಮ ಹೆಸರನ್ನು ನಿರ್ಧರಿಸುವುದು. ಊರಿನ ಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಕೊನೆಗೆ ಸ್ವಂತ ಹೆಸರು ಎಂಬ ನಮ್ಮ ಕ್ರಮ, ಮೊದಲ ಹೆಸರು ಮತ್ತು ಕುಲನಾಮ ಕೇಳುವ ಸಲ್ಲಿಕೆ ನಮೂನೆಗಳಿಗೆ ಹೊಂದುವುದಿಲ್ಲ. ಒಂದು ಲೇಖನದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಬರೆದರೆ ನಿಮ್ಮ ಲೇಖನಗಳು ಇಬ್ಬರ ಹೆಸರಿನಲ್ಲಿ ಹಂಚಿಹೋಗುತ್ತವೆ. ಒಂದು ರೂಪವನ್ನು ಆಯ್ದು ಬದುಕಿಡೀ ಅದನ್ನೇ ಬಳಸಿ, ಜೊತೆಗೆ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ. 2012ರಿಂದ ಚಾಲ್ತಿಯಲ್ಲಿರುವ ಈ 16 ಅಂಕಿಗಳ ಗುರುತು ಉಚಿತ, ಹೆಸರು ಹೇಗೇ ಇದ್ದರೂ ಕೆಲಸ ನಿಮ್ಮದೆಂದು ಅದು ತೋರಿಸುತ್ತದೆ.

ಬಹಳಷ್ಟು ಸಮಾಜಶಾಸ್ತ್ರ ಪತ್ರಿಕೆಗಳಲ್ಲಿ ಲೇಖಕರು ಯಾರೆಂದು ಪರಿಶೀಲಕರಿಗೂ, ಪರಿಶೀಲಕರು ಯಾರೆಂದು ಲೇಖಕರಿಗೂ ತಿಳಿಯದಂತೆ ಪರಿಶೀಲನೆ ನಡೆಯುತ್ತದೆ. ಆದ್ದರಿಂದ ಹಸ್ತಪ್ರತಿಯಿಂದ ಹೆಸರು, ಸಂಸ್ಥೆ, ಕೃತಜ್ಞತೆಗಳನ್ನು ತೆಗೆಯಿರಿ. ಕಡತದ ಗುಣಲಕ್ಷಣಗಳಲ್ಲಿ ಅಡಗಿರುವ ಹೆಸರನ್ನೂ ಅಳಿಸಿ. ಇದನ್ನು ಮರೆಯುವವರೇ ಹೆಚ್ಚು. ಕನ್ನಡ ಆಕರಗಳನ್ನು ಬಳಸಿದ್ದರೆ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಒಂದೇ ಪದ್ಧತಿಯಂತೆ ಬರೆದು, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡಿ. ಕನ್ನಡ ಆಕರಗಳನ್ನು ಬಿಟ್ಟುಬಿಡುವುದು ಸುಲಭ, ಆದರೆ ಹಾಗೆ ಮಾಡಬೇಡಿ. ಕನ್ನಡದಲ್ಲಿ ನಡೆದ ಚಿಂತನೆ ಹೊರಗಿನವರಿಗೆ ತಲುಪುವ ದಾರಿಗಳಲ್ಲಿ ಇದೂ ಒಂದು.

ಕೃತಿಚೌರ್ಯ ತಪಾಸಣೆಯ ಬಗ್ಗೆ ಯುಜಿಸಿಯ 2018ರ ನಿಯಮಾವಳಿ ಶೇಕಡ 10ರವರೆಗಿನ ಹೋಲಿಕೆಯನ್ನು ದಂಡನೆಯ ಹೊರಗಿಡುತ್ತದೆ. ನಿಮ್ಮ ಪ್ರಬಂಧ ಭಾರತದ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಸಂಗ್ರಹವಾದ ಶೋಧಗಂಗಾದಲ್ಲಿ ಈಗಾಗಲೇ ಇದ್ದರೆ ಲೇಖನ ಅದರೊಂದಿಗೆ ಹೋಲುತ್ತದೆ ಎಂಬ ವರದಿ ಬರುವುದು ಸಹಜ. ಲೇಖನವು ಪ್ರಬಂಧದಿಂದ ರೂಪುಗೊಂಡದ್ದು ಎಂದು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಮೊದಲೇ ತಿಳಿಸಿ. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಿದ್ದರೆ ಪತ್ರಿಕೆಯ ನಿಯಮದಂತೆ ಅದನ್ನೂ ಹೇಳಿ.

ಹಂತ 6: ಸಲ್ಲಿಸಿ, ಕಾಯಿರಿ, ಉತ್ತರಿಸಿ

ಒಂದು ಲೇಖನವನ್ನು ಒಂದು ಸಮಯಕ್ಕೆ ಒಂದೇ ಪತ್ರಿಕೆಗೆ ಕಳುಹಿಸಬೇಕು. ಎರಡು ಕಡೆ ಒಟ್ಟಿಗೆ ಕಳುಹಿಸಿ, ಯಾರು ಮೊದಲು ಒಪ್ಪುತ್ತಾರೋ ನೋಡೋಣ ಎನ್ನುವುದು ಗಂಭೀರ ತಪ್ಪು. ಮೊದಲ ಉತ್ತರ ಸಂಪಾದಕರಿಂದಲೇ ಬರಬಹುದು. ಪರಿಶೀಲಕರಿಗೆ ಕಳುಹಿಸದೆಯೇ ತಿರಸ್ಕರಿಸುವುದು ಸಾಮಾನ್ಯ, ಬಹಳಷ್ಟು ಸಲ ಅದಕ್ಕೆ ವಿಷಯ ಪತ್ರಿಕೆಗೆ ಹೊಂದದಿರುವುದು ಕಾರಣ. ಪರಿಶೀಲನೆಗೆ ಹೋದರೆ ಕೆಲವು ತಿಂಗಳು ಕಾಯಬೇಕು.

ಹೆಚ್ಚು ಬದಲಾವಣೆ ಬೇಕು ಎಂಬ ತೀರ್ಪು ಬಂದರೆ ಕುಗ್ಗಬೇಡಿ, ಅದು ಬಾಗಿಲು ತೆರೆದಿದೆ ಎಂಬುದರ ಸೂಚನೆ. ಪರಿಶೀಲಕರ ಪ್ರತಿ ಟಿಪ್ಪಣಿಯನ್ನೂ ಬರೆದುಕೊಂಡು, ಅದರ ಕೆಳಗೆ ನೀವು ಏನು ಮಾಡಿದಿರಿ, ಯಾವ ಪುಟದಲ್ಲಿ ಮಾಡಿದಿರಿ ಎಂದು ಉತ್ತರ ಬರೆಯಿರಿ. ಒಪ್ಪದಿರುವ ಹಕ್ಕು ನಿಮಗಿದೆ. ಉದಾಹರಣೆಗೆ, ದೂರದ ಪರಿಶೀಲಕರು ಕರ್ನಾಟಕದ ಜಾತಿ ಸಂಬಂಧಗಳನ್ನು ಉತ್ತರ ಭಾರತದ ಮಾದರಿಯಲ್ಲಿ ಓದಿದ್ದರೆ, ಕಾರಣ ಮತ್ತು ಆಧಾರಗಳೊಂದಿಗೆ ಗೌರವದಿಂದ ವಿವರಿಸಿ. ಅದರ ಜೊತೆಗೆ ಆ ತಪ್ಪು ಓದಿಗೆ ಅವಕಾಶ ಕೊಟ್ಟ ನಿಮ್ಮ ವಾಕ್ಯವನ್ನೂ ತಿದ್ದಿ. ಸೋಶಿಯಲಾಜಿಕಲ್ ಸೈನ್ಸ್‌ನಂಥ ಪತ್ರಿಕೆ ತಿದ್ದುಪಡಿಯ ಸುತ್ತುಗಳಿಲ್ಲದೆ ಒಪ್ಪಿಗೆ ಅಥವಾ ತಿರಸ್ಕಾರ ಎಂದಷ್ಟೇ ಹೇಳುತ್ತದೆ, ಅಂಥ ಕಡೆಗೆ ಅರೆಬೆಂದ ಕರಡನ್ನು ಕಳುಹಿಸಬಾರದು.

ಹಂತ 7: ಪರವಾನಗಿಯನ್ನು ಓದಿ ಸಹಿ ಮಾಡಿ

ಸ್ವೀಕೃತಿಯ ಸಂತೋಷದಲ್ಲಿ ಬಹುತೇಕರು ಓದದೆ ಸಹಿ ಮಾಡುವ ಕಾಗದ ಇದು. ಮುಕ್ತ ಪತ್ರಿಕೆಗಳು ಸಾಮಾನ್ಯವಾಗಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನು ಬಳಸುತ್ತವೆ. ಸಿಸಿ ಬಿವೈ ಎಂದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಲೇಖನವನ್ನು ಹಂಚಬಹುದು, ಅನುವಾದಿಸಬಹುದು, ಮಾರಾಟದ ಪುಸ್ತಕದಲ್ಲೂ ಸೇರಿಸಬಹುದು. ಎನ್‌ಸಿ ಎಂಬ ಅಕ್ಷರಗಳು ಸೇರಿದರೆ ವಾಣಿಜ್ಯ ಬಳಕೆಗೆ ನಿಮ್ಮ ಅನುಮತಿ ಬೇಕು. ಎನ್‌ಡಿ ಸೇರಿದರೆ ಮಾರ್ಪಡಿಸಿದ ರೂಪವನ್ನು ಹಂಚುವಂತಿಲ್ಲ, ಮತ್ತು ಅನುವಾದವೂ ಮಾರ್ಪಾಡೆಂದೇ ಗಣನೆಯಾಗುತ್ತದೆ. ಕನ್ನಡದ ಓದುಗರ ದೃಷ್ಟಿಯಿಂದ ಇದು ಬಹಳ ಮುಖ್ಯ. ಎನ್‌ಡಿ ಪರವಾನಗಿಯಡಿ ಪ್ರಕಟವಾದ ನಿಮ್ಮ ಇಂಗ್ಲಿಷ್ ಲೇಖನವನ್ನು ಒಬ್ಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತಂದು ಅಂತರ್ಜಾಲದಲ್ಲಿ ಇಡಬೇಕೆಂದರೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ; ಹಕ್ಕನ್ನು ನೀವು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ಆ ಅನುಮತಿಯನ್ನು ನೀವು ಸಹ ಕೊಡಲಾರಿರಿ. ಆಯ್ಕೆ ಇದ್ದಲ್ಲಿ ಸಿಸಿ ಬಿವೈ ಆಯ್ದುಕೊಳ್ಳಿ. ಮಾಹಿತಿದಾರರ ದೀರ್ಘ ಮಾತುಗಳು, ಹಾಡುಗಳು, ಕುಟುಂಬದ ಚಿತ್ರಗಳು ಲೇಖನದಲ್ಲಿದ್ದರೆ ಮಾತ್ರ ಎನ್‌ಸಿ ಬಗ್ಗೆ ಯೋಚಿಸಿ, ಏಕೆಂದರೆ ಅವನ್ನು ಮಾರುವ ಹಕ್ಕನ್ನು ಅವರು ನಿಮಗೆ ಕೊಟ್ಟಿಲ್ಲ. ಬೇರೆಯವರ ನಕ್ಷೆ ಅಥವಾ ಛಾಯಾಚಿತ್ರ ಬಳಸಿದ್ದರೆ ಲಿಖಿತ ಅನುಮತಿ ಕೈಯಲ್ಲಿರಬೇಕು.

ಹಂತ 8: ಪ್ರಕಟವಾದ ಮೇಲೆ

ಕರಡಚ್ಚು ಬಂದಾಗ ಊರು ಮತ್ತು ವ್ಯಕ್ತಿಗಳ ಹೆಸರು, ಕೋಷ್ಟಕಗಳ ಅಂಕಿ, ಕನ್ನಡ ಪದಗಳ ಲಿಪ್ಯಂತರ ಇವನ್ನು ನೀವೇ ಖುದ್ದಾಗಿ ನೋಡಿ. ಪ್ರಕಟವಾದ ದಿನವೇ ಡಿಒಐ ಒತ್ತಿ, ಸರಿಯಾದ ಪುಟ ತೆರೆಯುತ್ತದೆಯೇ ಪರೀಕ್ಷಿಸಿ, ಆರ್ಕಿಡ್ ಪುಟಕ್ಕೆ ಸೇರಿಸಿ.

ಚಂದಾ ಪತ್ರಿಕೆಯಲ್ಲಿ ಈಗಾಗಲೇ ಪ್ರಕಟಿಸಿರುವವರಿಗೂ ದಾರಿ ಮುಚ್ಚಿಲ್ಲ. ಪ್ರಕಾಶಕರ ಸ್ವಯಂ ಸಂಗ್ರಹ ನೀತಿಯನ್ನು ಓದಿ, ಯಾವ ಆವೃತ್ತಿಯನ್ನು ಎಷ್ಟು ಕಾಲದ ನಂತರ ಎಲ್ಲಿ ಇಡಬಹುದು ಎಂದು ತಿಳಿದುಕೊಂಡು, ಪರಿಶೀಲನೆ ಮುಗಿದು ಸ್ವೀಕೃತವಾದ ಕರಡನ್ನು ನಿಮ್ಮ ಸಂಸ್ಥೆಯ ಸಂಗ್ರಹಾಲಯದಲ್ಲಿ ಅಥವಾ 2016ರಲ್ಲಿ ಆರಂಭವಾದ, ಸಮಾಜವಿಜ್ಞಾನ ಲೇಖನಗಳ ಮುಕ್ತ ಸಂಗ್ರಹಾಲಯವಾದ ಸೋಶಿಆರ್ಕೈವ್‌ನಲ್ಲಿ ಇಡಿ. ಪ್ರಕಾಶಕರು ವಿನ್ಯಾಸಗೊಳಿಸಿದ ಅಂತಿಮ ಪಿಡಿಎಫ್ ಅನ್ನು ಅನುಮತಿಯಿಲ್ಲದೆ ಏರಿಸಬೇಡಿ. ಪ್ರತಿ ಲೇಖನದ ಅಂಗೀಕೃತ ಕರಡನ್ನು ವರ್ಡ್ ಕಡತವಾಗಿ ಉಳಿಸಿಕೊಳ್ಳುವ ಅಭ್ಯಾಸ ಇದಕ್ಕಾಗಿಯೇ ಬೇಕು. ವರ್ಷಗಳ ನಂತರ ಹುಡುಕಿದರೆ ಅದು ಸಿಗುವುದಿಲ್ಲ.

ಕೊನೆಯದಾಗಿ, ಲೇಖನದ ತಿರುಳನ್ನು ಎರಡು ಪುಟಗಳ ಸರಳ ಕನ್ನಡದಲ್ಲಿ ಬರೆದು, ನೀವು ಕ್ಷೇತ್ರಕಾರ್ಯ ಮಾಡಿದ ಊರಿನ ಗ್ರಂಥಾಲಯಕ್ಕೆ, ಸಂಘಕ್ಕೆ ಅಥವಾ ಶಾಲೆಗೆ ತಲುಪಿಸಿ. ಗುರುತು ಮರೆಮಾಚುವ ಎಚ್ಚರಿಕೆ ಇಲ್ಲಿ ಇನ್ನೂ ಹೆಚ್ಚು ಬೇಕು, ಏಕೆಂದರೆ ಓದುವವರು ಒಬ್ಬರನ್ನೊಬ್ಬರು ಬಲ್ಲವರು. ಓದಿದವರು ನಿಮ್ಮ ಲೇಖನದಲ್ಲಿ ತಪ್ಪು ಮಾಹಿತಿ ಇದೆ ಎಂದು ತೋರಿಸಿಕೊಟ್ಟರೆ ಪತ್ರಿಕೆಯ ಸಂಪಾದಕರಿಗೆ ತಿದ್ದುಪಡಿ ಸೂಚನೆ ಪ್ರಕಟಿಸುವಂತೆ ಬರೆಯಿರಿ. ಒಳ್ಳೆಯ ಪತ್ರಿಕೆ ಅದನ್ನು ಮೂಲ ಲೇಖನದ ಪುಟಕ್ಕೇ ಜೋಡಿಸಿ ಪ್ರಕಟಿಸುತ್ತದೆ.